ಆ ಭಾನುವಾರದ ಸಂಬಳ

ಗುರುಗ್ರಾಮದ ಒಂದು ಕಂಪನಿಯಲ್ಲಿ ಹದಿನಾರು ವರ್ಷದಿಂದ ಸಂಬಳದ ಲೆಕ್ಕ ನೋಡುವವಳು ನಾನು. ಯಾರಾದರೂ ಕೆಲಸ ಬಿಟ್ಟರೆ ಅವರ ಕೊನೆಯ ಲೆಕ್ಕ ಚುಕ್ತಾ ಮಾಡುವುದೂ ನನ್ನ ಕೆಲಸವೇ. ಸತ್ತರೂ ಅಷ್ಟೇ. ಕಂಪ್ಯೂಟರಿನಲ್ಲಿ ಎರಡಕ್ಕೂ ಒಂದೇ ಪುಟ. ಕೆಲಸ ಬಿಟ್ಟ ಕಾರಣ ಏನು ಎನ್ನುವ ಕಡೆ ಒಂದು ಪಟ್ಟಿ ಇಳಿಯುತ್ತದೆ: ರಾಜೀನಾಮೆ, ನಿವೃತ್ತಿ, ವಜಾ, ಸಾವು. ಒಂದನ್ನು ಆರಿಸಿಕೊಂಡರೆ ಮುಂದಕ್ಕೆ ಬಿಡುತ್ತದೆ. ಹೀಗೆ ಸತ್ತವರ ಲೆಕ್ಕ ಐದು ಮುಗಿಸಿದ್ದೇನೆ. ಈಗ ಹೇಳುತ್ತಿರುವುದು ಆರನೆಯದು. ಇದು ಇನ್ನೂ ಮುಗಿದಿಲ್ಲ.

ಸತ್ತವನು ದಾವಣಗೆರೆ ಕಡೆಯ ಹುಡುಗ. ಹುಡುಗ ಎಂದರೆ ನನಗೆ ಹುಡುಗ. ಮೂವತ್ತು ದಾಟಿತ್ತು, ಮದುವೆಯಾಗಿ ಎರಡು ವರ್ಷವಾಗಿತ್ತು. ನಮ್ಮದು ಔಷಧಿ, ಲಸಿಕೆ ಇಡುವ ದೊಡ್ಡ ಫ್ರೀಜರುಗಳನ್ನು ಮಾರಿ, ಕೆಟ್ಟರೆ ರಿಪೇರಿ ಮಾಡಿಕೊಡುವ ಕಂಪನಿ. ಅವನು ಸರ್ವಿಸ್ ಇಂಜಿನಿಯರ್. ಇಡೀ ಆಫೀಸಿಗೆ ಕನ್ನಡದವರು ನಾವಿಬ್ಬರೇ. ಕ್ಯಾಂಟೀನಿನಲ್ಲಿ ಇಡ್ಲಿ ಸಾಂಬಾರ್ ಮಾಡಿದ ದಿನ ತಟ್ಟೆ ಹಿಡಿದು ನನ್ನ ಎದುರಿಗೆ ಬಂದು ಕೂರುತ್ತಿದ್ದ.

"ಅಕ್ಕಾ, ಇದು ಸಾಂಬಾರಲ್ಲ. ರಾಜ್ಮಾ ತಿಂದು ಕೈ ತೊಳ್ಕೊಂಡ ನೀರು."

"ತಿನ್ನೋ, ಫ್ರೀಯಾಗಿ ಕೊಟ್ಟಿದ್ದಾರೆ."

"ಫ್ರೀ ಅಂತಾನೇ ತಿಂತಿರೋದು."

ಜನವರಿಯ ಒಂದು ಭಾನುವಾರ ಬೆಳಿಗ್ಗೆ ಮಾನೇಸರ್ ಕಡೆಯ ಹೆದ್ದಾರಿಯಲ್ಲಿ ಸತ್ತ. ದೆಹಲಿಯ ಜನವರಿ ಮಂಜು ನೋಡಿದವರಿಗೆ ಹೆಚ್ಚು ಹೇಳಬೇಕಾಗಿಲ್ಲ. ನಾವಿರುವ ದ್ವಾರಕಾ ಬಡಾವಣೆಯಲ್ಲಿ ಬಾಲ್ಕನಿಯಿಂದ ಎದುರಿನ ಬ್ಲಾಕ್ ಕಾಣುತ್ತಿರಲಿಲ್ಲ. ನಿಂತಿದ್ದ ಲಾರಿಗೆ ಒಂದು ಕಾರು ಗುದ್ದಿ, ಅದಕ್ಕೆ ಇನ್ನೊಂದು ಗುದ್ದಿ, ಆ ಗುಂಪಿನೊಳಕ್ಕೆ ಇವನ ಬೈಕು ಹೋಗಿದೆ. ಸೋಮವಾರ ಆಫೀಸಿನ ವಾಟ್ಸಾಪ್ ಗ್ರೂಪಿನಲ್ಲಿ ಸರ್ವಿಸ್ ವಿಭಾಗದ ಮುಖ್ಯಸ್ಥರು ಸುದ್ದಿ ಹಾಕಿದರು. "ನಮ್ಮ ಪ್ರೀತಿಯ ಸಹೋದ್ಯೋಗಿ ನಿನ್ನೆ ವಾರದ ರಜೆಯಲ್ಲಿ ಸ್ವಂತ ಕೆಲಸಕ್ಕೆ ಹೋಗುವಾಗ ಅಪಘಾತದಲ್ಲಿ ತೀರಿಕೊಂಡರು" ಎಂದು. ಕೆಳಗೆ ನೂರಾರು ಕೈಮುಗಿದ ಚಿತ್ರಗಳು. ನಾನೂ ಒಂದು ಹಾಕಿದೆ. ಸಾವಿನ ಸುದ್ದಿಯಲ್ಲಿ "ವಾರದ ರಜೆಯಲ್ಲಿ, ಸ್ವಂತ ಕೆಲಸಕ್ಕೆ" ಎಂದು ಯಾರಾದರೂ ಅಷ್ಟು ಬಿಡಿಸಿ ಬರೆಯುತ್ತಾರಾ? ಅವತ್ತು ನನಗೆ ಈ ಪ್ರಶ್ನೆ ಬರಲಿಲ್ಲ.

ತಿಂಗಳ ಕೊನೆಗೆ ಫೈಲು ನನ್ನ ಮೇಜಿಗೆ ಬಂತು. ಕೆಲಸ ಮಾಡಿದ ದಿನಗಳ ಸಂಬಳ, ಉಳಿದ ರಜೆಯ ದುಡ್ಡು, ಗ್ರಾಚ್ಯುಟಿ. ನಾಮಿನಿ ಹೆಂಡತಿ. ಎಲ್ಲ ಸರಿ ಇತ್ತು. ಕೊನೆಯ ಗುಂಡಿ ಒತ್ತಿದರೆ ಕಂಪ್ಯೂಟರ್ ಕೇಳಲಿಲ್ಲ. "ಈ ಉದ್ಯೋಗಿಯ ಒಂದು ಟ್ರಿಪ್ ಇನ್ನೂ ಚಾಲ್ತಿಯಲ್ಲಿದೆ, ಲೆಕ್ಕ ಮುಗಿಸಲು ಆಗುವುದಿಲ್ಲ" ಎಂದಿತು.

ಇದನ್ನು ಸ್ವಲ್ಪ ವಿವರಿಸಬೇಕು. ನಮ್ಮ ಇಂಜಿನಿಯರುಗಳು ಗಿರಾಕಿಗಳ ಹತ್ತಿರ ಸ್ವಂತ ಬೈಕಿನಲ್ಲಿ ಹೋಗುತ್ತಾರೆ. ಪೆಟ್ರೋಲ್ ದುಡ್ಡಿಗೆ ಕಂಪನಿ ಕೊಟ್ಟ ಫೋನಿನಲ್ಲಿ ಒಂದು ಆ್ಯಪ್ ಇದೆ. ಹೊರಡುವಾಗ ಬೈಕಿನ ಮೀಟರಿನ ಫೋಟೋ ಹೊಡೆದು, ಎಲ್ಲಿಗೆ, ಯಾಕೆ ಎಂದು ಬರೆದು ಸ್ಟಾರ್ಟ್ ಒತ್ತಬೇಕು. ತಲುಪಿದ ಮೇಲೆ ಇನ್ನೊಂದು ಫೋಟೋ ಹೊಡೆದು ಎಂಡ್ ಒತ್ತಬೇಕು. ನಡುವಿನ ಕಿಲೋಮೀಟರಿಗೆ ದುಡ್ಡು. ಇವನು ಸ್ಟಾರ್ಟ್ ಒತ್ತಿದ್ದ. ಎಂಡ್ ಒತ್ತಿರಲಿಲ್ಲ. ಸತ್ತು ಹದಿನೈದು ದಿನವಾಗಿದ್ದರೂ ಆ ಪುಟದ ಮೂಲೆಯಲ್ಲಿ ಒಂದು ಹಸಿರು ಚುಕ್ಕೆ ಮಿಣಮಿಣ ಎನ್ನುತ್ತಿತ್ತು.

ತಾರೀಖು ನೋಡಿದೆ. ನೋಡಲಿಲ್ಲ ಎಂದರೆ ಸುಳ್ಳಾಗುತ್ತದೆ. ಅದೇ ಭಾನುವಾರ. "ಮಾನೇಸರ್ ಗೋದಾಮು, ಫ್ರೀಜರ್ ಅಲಾರಂ, ಅರ್ಜೆಂಟ್" ಎಂದು ಬರೆದಿದ್ದ. ಹಳೆಯ ಯಾವುದೋ ಟ್ರಿಪ್ಪನ್ನೇ ಕೈತಪ್ಪಿ ಮತ್ತೆ ಒತ್ತಿರಬೇಕು ಎಂದುಕೊಂಡೆ. ತಿಂಗಳ ಕೊನೆ, ಎಲ್ಲರ ಸಂಬಳ ಹೋಗಬೇಕು. ಹೆಂಡತಿಗೆ ದುಡ್ಡು ಬೇಗ ಸಿಗಲಿ ಎನ್ನುವ ಒಳ್ಳೆಯ ಬುದ್ಧಿ ಬೇರೆ. ಟ್ರಿಪ್ ಮುಚ್ಚದೆ ಲೆಕ್ಕ ಮುಗಿಯುವುದಿಲ್ಲ. ಎರಡನೆಯ ಫೋಟೋ ಇಲ್ಲದೆ ಮಂಜೂರು ಮಾಡಲು ಬರುವುದಿಲ್ಲ. ಉಳಿದದ್ದು ರಿಜೆಕ್ಟ್. ಕಾರಣ: ದಾಖಲೆ ಅಪೂರ್ಣ. ಒತ್ತಿದೆ. ಹಸಿರು ಚುಕ್ಕೆ ಆರಿತು. ಲೆಕ್ಕ ಮುಂದಕ್ಕೆ ಹೋಯಿತು.

ನಾಲ್ಕೈದು ದಿನ ಬಿಟ್ಟು ಅವನ ಹೆಂಡತಿ ಫೋನ್ ಮಾಡಿದಳು. ಲೆಕ್ಕದ ಹಾಳೆಯನ್ನು ಈಮೇಲಿನಲ್ಲಿ ಕಳಿಸಿದ್ದೆವು.

"ಮೇಡಂ, ಇದ್ರಲ್ಲಿ ಒಂದು ದಿನ ಬಿಟ್ಟುಹೋಗಿದೆ."

"ಯಾವ ದಿನ ಹೇಳಮ್ಮ?"

"ಭಾನುವಾರದ್ದು. ಅವರು ಹೋದ ದಿನದ್ದು. ರಜಾದಿನ ಕರೆಸಿದ್ರೆ ಡಬಲ್ ಸಂಬಳ ಕೊಡ್ತಾರೆ ಅಂತ ಹೇಳ್ತಿದ್ರು."

"ಅವತ್ತು ಡ್ಯೂಟಿ ಇತ್ತಾ?"

"ಬೆಳಿಗ್ಗೆ ಐದೂವರೆಗೆ ಸಾಹೇಬ್ರ ಫೋನ್ ಬಂತಲ್ಲ ಮೇಡಂ. ನಾನೇ ಟೀ ಮಾಡಿಕೊಟ್ಟೆ. ಮಂಜು ಇದೆ, ಹೊತ್ತಾದ್ಮೇಲೆ ಹೋಗಿ ಅಂದೆ. ಲಸಿಕೆ ಕೆಟ್ಟುಹೋಗ್ತವೆ ಅಂತ ಹೊರಟ್ರು."

ಪೆನ್ನು ಕೆಳಗಿಟ್ಟೆ. ಏನೋ ತಪ್ಪಾಗಿರಬೇಕು, ಸರಿ ಮಾಡಿಸುತ್ತೇನೆ ಎಂದೆ. ನಿಜಕ್ಕೂ ತಪ್ಪು ಎಂದೇ ನಂಬಿದ್ದೆ. ಒಂದು ದಿನದ ಹಾಜರಿ ಸೇರಿಸಿದರೆ ಮುಗಿಯಿತು. ಸರ್ವಿಸ್ ಮುಖ್ಯಸ್ಥರ ಕ್ಯಾಬಿನ್ನಿಗೆ ಹೋದೆ. ಯಾವತ್ತೂ ದನಿ ಏರಿಸದ ಮನುಷ್ಯ. ಹುಟ್ಟುಹಬ್ಬಕ್ಕೆ ಎಲ್ಲರಿಗೂ ತಾನೇ ಫೋನ್ ಮಾಡುತ್ತಾರೆ. ಮಾತೆಲ್ಲ ಹಿಂದಿಯಲ್ಲಿ ನಡೆಯಿತು.

"ಸರ್, ಆ ಭಾನುವಾರದ ಹಾಜರಿ ಬಿಟ್ಟುಹೋಗಿದೆ."

"ಅರೇ ಮೇಡಂ ಜೀ, ಎಂಥಾ ಹಾಜರಿ? ರಜಾ ಇತ್ತು. ವಯಸ್ಸಿನ ಹುಡುಗ, ಬೈಕ್ ತಗೊಂಡು ಸುತ್ತೋಕೆ ಹೋಗಿದ್ದ. ನಮ್ಮ ನಸೀಬು ಕೆಟ್ಟದಿತ್ತು, ಹೋಗಿಬಿಟ್ಟ."

"ಆ್ಯಪ್‌ನಲ್ಲಿ ಮಾನೇಸರ್ ಗೋದಾಮು ಅಂತ ಇತ್ತಲ್ಲ ಸರ್."

ಅವರು ಟೀ ಕಪ್ಪನ್ನು ತಟ್ಟೆಯ ಸರಿಯಾಗಿ ನಡುವಿಗೆ ಇಟ್ಟರು.

"ಅದಾ? ಅದನ್ನ ನೀವು ರಿಜೆಕ್ಟ್ ಮಾಡಿದ್ದೀರಲ್ಲ. ಸರಿಯಾಗೇ ಮಾಡಿದ್ದೀರಿ. ದಾಖಲೆ ಇಲ್ಲದ ಕ್ಲೇಮು."

ನಾನು ರಿಜೆಕ್ಟ್ ಮಾಡಿದ್ದನ್ನು ಅವರಿಗೆ ಹೇಳಿರಲಿಲ್ಲ. ಯಾರಿಗೂ ಹೇಳಿರಲಿಲ್ಲ.

ವಾಪಸ್ ಬಂದು ಅವನ ಪುಟ ತೆರೆದೆ. ಮೊನ್ನೆ ಕೆಂಪು ಅಕ್ಷರದಲ್ಲಿ ರಿಜೆಕ್ಟ್ ಎಂದು ಕಾಣುತ್ತಿದ್ದ ಸಾಲೇ ಇರಲಿಲ್ಲ. "ಯಾವುದೇ ಟ್ರಿಪ್ ಇಲ್ಲ" ಎಂದಿತ್ತು. ಅವನ ಹಳೆಯ ಟ್ರಿಪ್‌ಗಳೆಲ್ಲ ಇದ್ದವು. ಶನಿವಾರದ್ದೇ ಕೊನೆಯದು. ಸಿಸ್ಟಮ್ ವಿಭಾಗದ ಹುಡುಗಿಯನ್ನು ಕೇಳಿದರೆ, "ಮೇಲಿನಿಂದ ಕ್ಲೀನ್ ಮಾಡೋಕೆ ಹೇಳಿದ್ರು ಮ್ಯಾಮ್, ಸತ್ತವರ ಪ್ರೊಫೈಲ್ ಅಲ್ವಾ" ಎಂದು ನನ್ನ ಮುಖ ನೋಡದೆ ಹೇಳಿದಳು.

ಅಷ್ಟು ಹೊತ್ತಿಗೆ ನನ್ನ ತಲೆಗೆ ಹತ್ತಿತ್ತು. ರಜೆಯಲ್ಲಿ ಸತ್ತರೆ ಕಂಪನಿ ಕೊಡಬೇಕಾದ್ದು ಕೊನೆಯ ಸಂಬಳದ ಲೆಕ್ಕ ಮಾತ್ರ. ಕಂಪನಿ ಕೆಲಸಕ್ಕೆ ಹೋಗುವ ದಾರಿಯಲ್ಲಿ ಸತ್ತರೆ ಅದರ ಮೇಲೆ ಪರಿಹಾರ ಬೇರೆ ಕೊಡಬೇಕು, ಅದು ದೊಡ್ಡ ಮೊತ್ತ. ಜೊತೆಗೆ, ಆ ಮಂಜಿನಲ್ಲಿ ಒಬ್ಬನೇ ಹೋಗು ಎಂದವರು ಯಾರು ಎನ್ನುವ ಪ್ರಶ್ನೆಗೆ ಒಬ್ಬರು ಉತ್ತರ ಕೊಡಬೇಕು. ಸತ್ತವನ ಹೆಂಡತಿ ಕೇಳಿದ್ದು ಒಂದೇ ದಿನದ ಸಂಬಳ. ಇವರು ಅಡಗಿಸುತ್ತಿದ್ದುದು ಆ ದಿನವನ್ನೇ.

ಗೊತ್ತಾದ ಮೇಲೆ ಏನು ಮಾಡಿದೆ ಎಂದು ಕೇಳುತ್ತೀರಿ. ಏನೂ ಮಾಡಲಿಲ್ಲ. ಮಗಳ ಕಾಲೇಜು ಫೀಸು, ಮನೆಯ ಲೋನು, ನಲವತ್ತೆಂಟು ವರ್ಷಕ್ಕೆ ಇನ್ನೊಂದು ಕೆಲಸ ಯಾರು ಕೊಡುತ್ತಾರೆ. ದಿನಾ ಮೆಟ್ರೋದಲ್ಲಿ ಕೂತು ಇದನ್ನೇ ಎಣಿಸಿದೆ. ಅವನ ಹೆಂಡತಿ ಮತ್ತೆ ಎರಡು ಸಲ ಫೋನ್ ಮಾಡಿದಳು. ಎತ್ತಲಿಲ್ಲ. ಮುಖ್ಯಸ್ಥರು ಮಾತ್ರ ದಿನಾ ನನ್ನ ಮೇಜಿನ ಹತ್ತಿರ ಬರಲು ಶುರು ಮಾಡಿದರು. "ಸಬ್ ಠೀಕ್ ಮೇಡಂ ಜೀ? ಮಗಳು ಯಾವ ಕಾಲೇಜು ಅಂದ್ರಿ?" ಹದಿನಾರು ವರ್ಷದಲ್ಲಿ ಒಂದು ದಿನವೂ ಕೇಳದಿದ್ದದ್ದು.

ಮುಂದಿನ ವಾರ ಕ್ಯಾಬಿನ್ನಿಗೆ ಕರೆದು ಒಂದು ಹಾಳೆ ಕೊಟ್ಟರು. ಇಂಗ್ಲಿಷಿನಲ್ಲಿತ್ತು. ಲೆಕ್ಕವೆಲ್ಲ ಪೂರ್ತಿ ಸಂದಾಯವಾಗಿದೆ, ಸತ್ತ ದಿನ ನನ್ನ ಗಂಡ ರಜೆಯಲ್ಲಿದ್ದು ಸ್ವಂತ ಕೆಲಸಕ್ಕೆ ಹೋಗಿದ್ದರು, ಮುಂದೆ ಕಂಪನಿಯ ಮೇಲೆ ಯಾವ ಹಕ್ಕನ್ನೂ ಕೇಳುವುದಿಲ್ಲ. ಕೆಳಗೆ ಹೆಂಡತಿಯ ಸಹಿಗೆ ಜಾಗ.

"ಅವರ ಭಾಷೆ ನಿಮಗೆ ಬರುತ್ತೆ. ನೀವೇ ಹೋಗಿ ಪ್ರೀತಿಯಿಂದ ತಿಳಿಸಿ ಹೇಳಿ. ಸಹಿ ಆದ ಗಳಿಗೆಗೆ ಚೆಕ್. ಹಾಂ, ಅವನ ಹತ್ತಿರ ಇದ್ದ ಕಂಪನಿ ಫೋನು ವಾಪಸ್ ತನ್ನಿ. ಲಾಕ್ ತೆಗೆಸಿಕೊಂಡೇ ತನ್ನಿ."

"ಗಾಜೊಡೆದ ಹಳೇ ಫೋನು ಸರ್..."

"ಕಂಪನಿ ಸ್ವತ್ತು, ಮೇಡಂ ಜೀ." ನಕ್ಕರು. "ನೋಡಿ, ಆ ಕ್ಲೇಮ್ ರಿಜೆಕ್ಟ್ ಆಗಿದ್ದು ನಿಮ್ಮ ಐಡಿಯಿಂದ. ನಾಳೆ ಯಾರಾದ್ರೂ ಕೆದಕಿದ್ರೆ ಮೊದಲು ನಿಮ್ಮ ಹೆಸರೇ ಬರೋದು. ನಿಮಗೆ ತೊಂದರೆ ಆಗಬಾರದು ಅಂತಾನೇ ಇದೆಲ್ಲ ಮಾಡ್ತಿರೋದು."

ಕಂಪನಿಯ ಕಾರು ಕೊಟ್ಟರು. ಜೊತೆಗೆ ಆಡಳಿತ ವಿಭಾಗದ ಒಬ್ಬ ಧಡೂತಿ ಆಸಾಮಿ. ಪಾಲಂ ಕಾಲೋನಿಯ ಗಲ್ಲಿಯ ಬಾಯಲ್ಲಿ ಕಾರು ನಿಲ್ಲಿಸಿ, "ಅರ್ಧ ಗಂಟೆ ಸಾಕಲ್ಲ? ಆಗದಿದ್ರೆ ನಾನೇ ಮೇಲೆ ಬರ್ತೀನಿ" ಎಂದ.

ಎರಡನೇ ಮಹಡಿಯಲ್ಲಿ ಒಂದು ರೂಮು, ಒಂದು ಅಡುಗೆಮನೆ. ಹೊರಗೆ ಬಿಸಿಲಿತ್ತು, ಒಳಗೆ ಟ್ಯೂಬ್‌ಲೈಟ್. ಹುಡುಗಿ ಸೊರಗಿ ಅರ್ಧವಾಗಿದ್ದಳು. ಅವಳ ಅತ್ತೆ, ಅಂದರೆ ಸತ್ತವನ ತಾಯಿ, ಗೋಡೆಗೊರಗಿ ಕೂತಿದ್ದರು. ಊರಿಂದ ಬಂದವರು ಇನ್ನೂ ವಾಪಸ್ ಹೋಗಿರಲಿಲ್ಲ.

"ಕಂಪ್ನಿಯೋರಾ? ಬರ್ರಿ," ಎಂದರು ಮುದುಕಿ. "ನಮ್ಮ ಹುಡುಗ್ನ ಬಗ್ಗೆ ಒಂದ್ ಮಾತು ಕೇಳ್ತೀನಿ, ನಿಜ ಹೇಳ್ರಿ. ರಜಾ ಇತ್ತಂತಲ್ಲ? ನಿಮ್ ಸಾಹೇಬ್ರೇ ಫೋನಲ್ಲಿ ಹೇಳಿದ್ರು, ಸುತ್ತಾಡಾಕೆ ಹೋಗಿದ್ದ ಅಂತ. ರಜಾದಾಗೆ ಮನಿಯಾಗಿರೋ ಗಂಡನ್ನ ಹಿಡ್ಕಳಾಕೆ ಆಗ್ಲಿಲ್ಲ ಇವಳಿಗೆ. ಜಗಳ ಮಾಡಿ ಓಡ್ಸಿರ್ಬೇಕು."

"ಅತ್ತೆ, ಅವರ ಸ್ವಂತ ಫೋನಿಗೆ ಕರೆ ಬಂದಿತ್ತು, ಆ ಫೋನು ರಸ್ತೇಲೇ ಪುಡಿಯಾಯ್ತು ಅಂತ ಎಷ್ಟು ಸಲ ಹೇಳ್ಲಿ..."

"ಹೇಳ್ತೀಯ ಹೇಳ್ತೀಯ. ಬರವಣಿಗಿ ಎಲ್ಲೈತಿ?"

ಹುಡುಗಿ ನನ್ನ ಕಡೆ ತಿರುಗಿದಳು. "ಅದಕ್ಕೇ ಮೇಡಂ ಆ ಒಂದು ದಿನ ಕೇಳಿದ್ದು. ಅದು ಹಾಳೇಲಿ ಬಂದ್ರೆ ಇವರು ನಂಬ್ತಾರೆ. ಊರಲ್ಲೂ ನಂಬ್ತಾರೆ. ನಾನೇ ಕಳಿಸ್ದೆ, ನಾನೇ ಕೊಂದೆ ಅನ್ನೋ ಹಂಗೆ ಮಾತಾಡ್ತಾರೆ."

ಕೈಯಲ್ಲಿದ್ದ ಹಾಳೆಯನ್ನು ನಾನು ಮಡಿಸಿದೆ. ಅದರಲ್ಲೇನಿದೆ ಎಂದು ಅವಳು ಕೇಳಿದಳು. ದುಡ್ಡು ಸಿಕ್ಕಿತು ಅಂತ ಒಂದು ಸಹಿ ಅಷ್ಟೇ ಎನ್ನುವ ಮಾತು ನಾಲಗೆಯ ತುದಿಗೆ ಬಂದಿತ್ತು. ದಾರಿಯಲ್ಲೇ ಜೋಡಿಸಿಕೊಂಡು ಬಂದಿದ್ದೆ. ಅದನ್ನು ಬಿಟ್ಟು, "ಅವನ ಫೋನು ಎಲ್ಲಿ?" ಎಂದೆ.

ಬೀರುವಿನಿಂದ ತಂದಳು. ಗಾಜು ಜೇಡರ ಬಲೆಯ ಹಾಗೆ ಒಡೆದಿತ್ತು. ಪೊಲೀಸರು ಜಾಕೆಟ್ಟಿನ ಜೇಬಿನಿಂದ ತೆಗೆದು ಕೊಟ್ಟದ್ದಂತೆ. "ದಿನಾ ಚಾರ್ಜ್ ಹಾಕ್ತೀನಿ. ಯಾಕೋ ಆಫ್ ಮಾಡೋಕೆ ಮನಸಾಗಲ್ಲ. ಮೊನ್ನೆ ಇದಕ್ಕೇನೋ ರಿಜೆಕ್ಟ್ ಅಂತ ಬಂತು. ಏನದು ಮೇಡಂ?"

ತೋರಿಸಿದಳು. ಕ್ಲೇಮು ರಿಜೆಕ್ಟ್ ಆದರೆ ಉದ್ಯೋಗಿಯ ಫೋನಿಗೆ ತಾನಾಗಿಯೇ ಸಂದೇಶ ಹೋಗುತ್ತದೆ ಎನ್ನುವುದೇ ನನಗೆ ಮರೆತುಹೋಗಿತ್ತು. ಸತ್ತವನಿಗೂ ಹೋಗಿತ್ತು. ಆ ಭಾನುವಾರದ ತಾರೀಖು, ಹೊರಟ ಸಮಯ ಆರು ಗಂಟೆ ಎರಡು ನಿಮಿಷ, ಮೀಟರಿನ ಫೋಟೋ, ಎಲ್ಲಿಗೆ, ಯಾಕೆ. ಕಂಪ್ಯೂಟರಿನಿಂದ ಒರೆಸಿಹಾಕಿದ್ದು ಅಕ್ಷರ ಬಿಡದೆ ಇಲ್ಲಿ ಕೂತಿತ್ತು. ಗಾಜೊಡೆದ ಫೋನು ಯಾಕೆ ಬೇಕಿತ್ತು ಎನ್ನುವುದು ಆಗ ತಿಳಿಯಿತು.

"ಅದ್ರಾಗೇನ್ ಬರ್ದೈತಿ?" ಎಂದರು ಮುದುಕಿ.

ಓದಿದೆ. ಕನ್ನಡದಲ್ಲಿ, ನಿಧಾನವಾಗಿ. "ಭಾನುವಾರ ಬೆಳಿಗ್ಗೆ ಆರು ಗಂಟೆ ಎರಡು ನಿಮಿಷಕ್ಕೆ ಹೊರಟಿದ್ದೇನೆ. ಮಾನೇಸರ್ ಗೋದಾಮು. ಫ್ರೀಜರ್ ಅಲಾರಂ. ಅರ್ಜೆಂಟ್." ಮುದುಕಿ ಸೊಸೆಯ ಮುಖ ನೋಡಲಿಲ್ಲ. ನನ್ನ ಮುಖ ನೋಡಿದರು. ಸೆರಗಿನಿಂದ ಬಾಯಿ ಮುಚ್ಚಿಕೊಂಡು, "ಇನ್ನೊಂದ್ಸಲ ಓದ್ರಿ" ಎಂದರು. ಇನ್ನೊಂದು ಸಲ ಓದಿದೆ.

"ಹಾಗಾದ್ರೆ ರಿಜೆಕ್ಟ್ ಯಾಕೆ? ಯಾರು ಮಾಡಿದ್ದು?" ಹುಡುಗಿ ಕೇಳಿದಳು.

"ಯಾರೂ ಅಲ್ಲ. ಕಂಪ್ಯೂಟರ್ ತಾನೇ ಮಾಡುತ್ತೆ."

ಅಷ್ಟು ಹೊತ್ತಿಗೆ ನನ್ನ ಫೋನು ರಿಂಗಾಯಿತು. ಕೆಳಗಿದ್ದ ಆಸಾಮಿ. "ಆಯ್ತಾ ಮೇಡಂ? ಬರಲಾ?" ಎಂದ. ಮೆಟ್ಟಿಲ ಮೇಲೆ ಯಾರೋ ಹತ್ತುವ ಸದ್ದು ಕೇಳಿತು. ಬಾಗಿಲ ಮುಂದೆ ನಿಂತು, ಹಾಗೇ ಮೇಲಿನ ಮಹಡಿಗೆ ಹೋಯಿತು.

ಬೇಗ ಬೇಗ ಹೇಳಿದೆ. "ಈ ಹಾಳೆಗೆ ಸಹಿ ಹಾಕಬೇಡ. ಅವನು ಕೆಲಸಕ್ಕೆ ಹೋಗಿರ್ಲಿಲ್ಲ ಅಂತ ನೀನೇ ಬರೆದುಕೊಟ್ಟ ಹಾಗೆ. ಈ ಫೋನು ಯಾರಿಗೂ ಕೊಡಬೇಡ. ನನಗೂ ಕೊಡಬೇಡ. ಇವತ್ತೇ ಇದರ ಫೋಟೋ ತೆಗೆದು ನಾಲ್ಕು ಜನಕ್ಕೆ ಕಳಿಸು. ಒಬ್ಬ ವಕೀಲರನ್ನ ಹಿಡಿ, ಲೇಬರ್ ಆಫೀಸಿಗೆ ಹೋಗು."

"ಹಾಗಾದ್ರೆ ಸಂಬಳ?"

"ತಡೆ ಹಿಡೀತಾರೆ. ಕೊಡಲೇಬೇಕು, ಆದ್ರೆ ಸತಾಯಿಸ್ತಾರೆ."

"ಈ ತಿಂಗಳ ಬಾಡಿಗೆ ನಿಂತಿದೆ ಅಕ್ಕ." ಮೊದಲ ಸಲ ಅಕ್ಕ ಎಂದಳು. "ಏನೂ ತೊಂದ್ರೆ ಆಗಲ್ಲ ತಾನೆ?"

"ಏನೂ ಆಗಲ್ಲ," ಎಂದೆ. ಯಾವ ಭರವಸೆಯಿಂದ ಹೇಳಿದೆನೋ ಗೊತ್ತಿಲ್ಲ. ಮುದುಕಿ ಎದ್ದು ಬಂದು ಸೊಸೆಯ ಕೈಯಿಂದ ಫೋನು ತೆಗೆದುಕೊಂಡು ತನ್ನ ಸೊಂಟಕ್ಕೆ ಸಿಕ್ಕಿಸಿಕೊಂಡರು.

ಕೆಳಗೆ ಬಂದೆ. "ಸಹಿ?" "ಹಾಕಲಿಲ್ಲ." "ಫೋನು?" "ಕೊಡಲಿಲ್ಲ." ಆಸಾಮಿ ನನ್ನ ಮುಂದೆಯೇ ಫೋನ್ ಹಚ್ಚಿ, "ಮೇಡಂ ಬರಿಗೈಲಿ ಬಂದ್ರು ಸರ್" ಎಂದ. ಆಚೆಯಿಂದ ಏನು ಹೇಳಿದರೋ, "ಜೀ, ಜೀ" ಎಂದು ಕಾರು ಹತ್ತಿಕೊಂಡು ಹೊರಟುಹೋದ. ನಾನು ಗಲ್ಲಿಯಲ್ಲೇ ನಿಂತೆ.

ಯಾರೂ ನನ್ನನ್ನು ಬಯ್ಯಲಿಲ್ಲ. ಅದೇ ಹೆದರಿಕೆ. ಎರಡು ದಿನದ ನಂತರ ನನ್ನ ಪಾಸ್‌ವರ್ಡ್ ಕೆಲಸ ಮಾಡಲಿಲ್ಲ. ನನ್ನನ್ನು ಹಳೆಯ ಕಡತಗಳ ಕೋಣೆಗೆ ಹಾಕಿದರು. ಸಂಬಳ ಅಷ್ಟೇ, ಕೆಲಸ ಇಲ್ಲ. ಮುಖ್ಯಸ್ಥರು ಈಗಲೂ ಲಿಫ್ಟಿನಲ್ಲಿ ಸಿಕ್ಕರೆ ನಗುತ್ತಾರೆ, ಮಗಳು ಹೇಗಿದ್ದಾಳೆ ಎಂದು ಕೇಳುತ್ತಾರೆ. ನನ್ನ ಯಜಮಾನರು, "ನಿಂಗೆ ಬೇಕಿತ್ತಾ ಇದು?" ಎಂದು ಕೇಳಿದರು, ಆಮೇಲೆ ಕೇಳುವುದನ್ನು ಬಿಟ್ಟರು. ಆ ಹುಡುಗಿ ಲೇಬರ್ ಆಫೀಸಿಗೆ ಅಲೆದು ಅಲೆದು ಕೊನೆಯ ಸಂಬಳ ಪಡೆಯುವ ಹೊತ್ತಿಗೆ ಆ ರೂಮು ಬಿಡಬೇಕಾಗಿ ಬಂದಿತ್ತು. ಆ ಭಾನುವಾರದ್ದು ಬಿಟ್ಟು ಉಳಿದದ್ದೆಲ್ಲ ಕೊಟ್ಟರಂತೆ. ಪರಿಹಾರದ ಅರ್ಜಿ ಬೇರೆ ನಡೆಯುತ್ತಿದೆ. ಅಂಥ ಟ್ರಿಪ್ಪೇ ನಮ್ಮ ದಾಖಲೆಯಲ್ಲಿಲ್ಲ, ಇದ್ದರೂ ನಮ್ಮ ಜವಾಬ್ದಾರಿಯುತ ಅಧಿಕಾರಿಯೇ ಅದನ್ನು ಸುಳ್ಳು ಎಂದು ತಿರಸ್ಕರಿಸಿದ್ದಾರೆ ಎನ್ನುವುದು ಕಂಪನಿಯ ಉತ್ತರ.

ನಿನ್ನೆ ಅವಳ ಫೋನ್ ಬಂತು.

"ಅಕ್ಕಾ, ಆ ಮೆಸೇಜಿನ ಕೆಳಗೆ ರಿಜೆಕ್ಟ್ ಮಾಡಿದವರ ಐಡಿ ನಂಬರ್ ಇದೆ. ಅದು ನಿಮ್ದಂತೆ."

"ಹೌದು."

"ಕಂಪ್ಯೂಟರ್ ಮಾಡ್ತು ಅಂದ್ರಿ."

"ಸುಳ್ಳು ಹೇಳಿದೆ."

ಆ ಕಡೆ ಕುಕ್ಕರ್ ಕೂಗಿತು. ಅವಳು ಹೋಗಿ ಆರಿಸಿ ಬಂದಳು.

"ಆ ಟ್ರಿಪ್ ಕಂಪ್ಯೂಟರಲ್ಲಿ ಇತ್ತು ಅಂತ ಹೇಳೋಕೆ ನೀವೊಬ್ರೇ ಇರೋದಂತೆ, ವಕೀಲರು ಹೇಳಿದ್ರು. ನೀವು ಬರದಿದ್ರೆ, ಬಂದು ಬೇರೆ ಹೇಳಿದ್ರೆ, ನಾನೇ ಫೋನಲ್ಲಿ ಏನೋ ಮಾಡ್ಕೊಂಡಿದ್ದು ಅಂತಾರಂತೆ. ಅತ್ತೆ ಮತ್ತೆ ಕೇಳ್ತಿದ್ದಾರೆ, ಅವತ್ತು ಓದಿದ್ದು ನಿಜಾನಾ ಅಂತ."

"ಬರ್ತೀನಿ ಕಣಮ್ಮ."

"ಏನೂ ಆಗಲ್ಲ ಅಂತಾನೂ ನೀವೇ ಹೇಳಿದ್ರಿ," ಎಂದು ಇಟ್ಟುಬಿಟ್ಟಳು.

ವಿಚಾರಣೆ ಮಂಗಳವಾರ ಇದೆ. ಇವತ್ತು ಮಧ್ಯಾಹ್ನ ಕಂಪನಿಯಿಂದ ನನಗೆ ಒಂದು ಕಾಗದ ಬಂದಿದೆ: ನೀವು ರಿಜೆಕ್ಟ್ ಮಾಡಿದ ಎಲ್ಲ ಕ್ಲೇಮುಗಳ ಪರಿಶೀಲನೆ ನಡೆಯುತ್ತಿದೆ, ಹೊರಗೆ ಯಾರ ಮುಂದೆಯೂ ಹೇಳಿಕೆ ಕೊಡುವ ಮುನ್ನ ನಮ್ಮನ್ನು ಭೇಟಿಯಾಗಿ ಎಂದು. ಸೋಮವಾರ ಸಂಜೆ ಐದಕ್ಕೆ ಕರೆದಿದ್ದಾರೆ. ಹೋಗಬೇಕು. ಅಲ್ಲಿ ಏನು ತೋರಿಸುತ್ತಾರೋ, ನಾನೆಷ್ಟು ಗಟ್ಟಿ ಇರುತ್ತೇನೋ ನನಗೇ ಗೊತ್ತಿಲ್ಲ. ಅದಕ್ಕೇ ಅದಕ್ಕಿಂತ ಮೊದಲು, ಎಲ್ಲರೂ ಓದುವ ಹಾಗೆ ಇಲ್ಲಿ ಬರೆದು ಹಾಕುತ್ತಿದ್ದೇನೆ. ಟ್ರಿಪ್ ಇತ್ತು. ನಾನು ನೋಡಿದೆ. ನಾನೇ ಮುಚ್ಚಿದೆ. ಮಂಗಳವಾರ ನನ್ನ ಬಾಯಿಂದ ಬೇರೆ ಮಾತು ಬಂದರೆ, ಇದನ್ನು ಓದಿದವರು ನೀವಿದ್ದೀರಿ.